ಪ್ರಾಯಕ್ಕೆ ತಕ್ಕ ಆರೈಕೆ: ಮನೆಗೊಂದೇ ಸಾಬೂನು ಸಾಲದು

ನವೆಂಬರ್ ತಿಂಗಳು ಬಂತೆಂದರೆ ಬ್ಯಾಂಕಿನ ಶಾಖೆಗಳಲ್ಲಿ ಹಿರಿಯರ ಸಾಲು ಉದ್ದವಾಗುತ್ತದೆ. ನಿವೃತ್ತಿ ವೇತನ ಪಡೆಯುವವರು ತಾವು ಜೀವಂತವಾಗಿದ್ದೇವೆಂಬ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಸಲ್ಲಿಸಬೇಕಾಗುತ್ತದೆ. 2014ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ‘ಜೀವನ ಪ್ರಮಾಣ’ ಎಂಬ ಡಿಜಿಟಲ್ ವ್ಯವಸ್ಥೆಯನ್ನು ಆರಂಭಿಸಿದ ಬಳಿಕ ಬೆರಳಚ್ಚು ಕೊಟ್ಟು ಈ ಕೆಲಸ ಮುಗಿಸುವುದು ಸಾಧ್ಯವಾಯಿತು. ಆದರೆ ಬೆರಳಿನಲ್ಲಿ ಅಚ್ಚೇ ಮೂಡದಿದ್ದರೆ?

ಕೆಲವು ವರ್ಷಗಳ ಹಿಂದೆ ಕುರ್ಲಾ ಪೂರ್ವದ ನಮ್ಮ ಶಾಖೆಗೆ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಇಂದಿಗೂ ನೆನಪಾಗುತ್ತಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಎಂದು ಒಂದೊಂದಾಗಿ ಹತ್ತೂ ಬೆರಳುಗಳನ್ನು ಯಂತ್ರದ ಮೇಲಿಟ್ಟರೂ ಅದು ಒಪ್ಪಲಿಲ್ಲ. ಒದ್ದೆ ಬಟ್ಟೆಯಿಂದ ಬೆರಳನ್ನು ಒರೆಸಿ ಮತ್ತೆ ಪ್ರಯತ್ನಿಸಿದೆವು, ಪ್ರಯೋಜನವಾಗಲಿಲ್ಲ. ‘ಎಷ್ಟು ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಕೈ ಮಗಾ ಇದು, ಈಗ ಇದಕ್ಕೇ ಗುರುತಿಲ್ಲವಾಯಿತಲ್ಲ’ ಎಂದು ಅವರು ನಕ್ಕರು. ಕಾಗದದ ಪ್ರಮಾಣಪತ್ರಕ್ಕೆ ಅವರ ಸಹಿ ಪಡೆದು ಕೆಲಸ ಪೂರೈಸಿದ್ದಾಯಿತು. ಆದರೆ ಕೈ ಹಿಡಿದಾಗ ಕಂಡ ಆ ಚರ್ಮ ಮನಸ್ಸಿನಿಂದ ಮರೆಯಾಗಲಿಲ್ಲ. ತೆಳ್ಳಗಾಗಿ, ಒಣಗಿ, ಬೂದಿ ಬಳಿದಂತಿತ್ತು. ಮೊಣಕೈಯವರೆಗೂ ಕೆರೆದುಕೊಂಡ ಗೆರೆಗಳಿದ್ದವು.

ಮುಖದ ಸುಕ್ಕಿನ ಬಗ್ಗೆ ನಾವು ಚಿಂತಿಸುವುದುಂಟು. ಮೈಚರ್ಮ ಮಾಡುವ ಕೆಲಸದ ಬಗ್ಗೆ ಚಿಂತಿಸುವುದು ಕಡಿಮೆ. ನಮ್ಮ ಬಹುತೇಕ ಮನೆಗಳ ಬಚ್ಚಲಿನಲ್ಲಿ ಮೊಮ್ಮಗಳಿಗೂ ಅಜ್ಜಿಗೂ ಒಂದೇ ಸಾಬೂನು, ಒಂದೇ ಬಿಸಿನೀರು, ಒಂದೇ ಪೌಡರು. ಪ್ರಾಯಕ್ಕೆ ತಕ್ಕಂತೆ ಊಟದಲ್ಲಿ ಉಪ್ಪು, ಸಕ್ಕರೆ ಕಡಿಮೆ ಮಾಡುವ ನಾವು ಸ್ನಾನದ ಕ್ರಮವನ್ನು ಮಾತ್ರ ಬದಲಿಸುವುದಿಲ್ಲ. ನಾನು ವೈದ್ಯೆಯಲ್ಲ, ವಿಜ್ಞಾನದ ವಿದ್ಯಾರ್ಥಿನಿಯೂ ಅಲ್ಲ. ಮನೆಯಲ್ಲಿ ಅತ್ತೆಯವರ ಆರೈಕೆ ಮಾಡುತ್ತಾ, ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇನೆ.

ಚರ್ಮದೊಳಗೆ ಏನು ನಡೆಯುತ್ತದೆ?

ಚರ್ಮವೆಂಬುದು ದೇಹಕ್ಕೆ ಹೊದಿಸಿದ ಬರಿಯ ಬಟ್ಟೆಯಲ್ಲ. ಹೊರಚರ್ಮದ ತಳದಲ್ಲಿ ಹುಟ್ಟುವ ಜೀವಕೋಶಗಳು ಮೆಲ್ಲನೆ ಮೇಲೇರಿ, ಒಣಗಿ, ಕೊನೆಗೆ ಉದುರಿಹೋಗುತ್ತವೆ. ಯೌವನದಲ್ಲಿ ಈ ಪಯಣಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಪ್ರಾಯ ಹೆಚ್ಚಿದಂತೆ ಇನ್ನಷ್ಟು ದಿನಗಳು ಬೇಕಾಗುತ್ತವೆ. ಆದುದರಿಂದಲೇ ಮಕ್ಕಳ ತರಚುಗಾಯ ನಾಲ್ಕು ದಿನಗಳಲ್ಲಿ ಮಾಯವಾದರೆ ಹಿರಿಯರದು ವಾರಗಟ್ಟಲೆ ಉಳಿಯುತ್ತದೆ.

ಹೊರಚರ್ಮದ ಮೇಲ್ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಒಣಗಿದ ಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಕೊಬ್ಬಿನಂಶವೇ ಗಾರೆ. ಒಳಗಿನ ನೀರು ಆವಿಯಾಗದಂತೆ, ಹೊರಗಿನ ಕೊಳೆ ಮತ್ತು ರೋಗಾಣುಗಳು ಒಳಬಾರದಂತೆ ತಡೆಯುವುದು ಈ ಗೋಡೆ. ಪ್ರಾಯವಾದಂತೆ ಗಾರೆ ಕಡಿಮೆಯಾಗುತ್ತದೆ, ಚರ್ಮದ ಗ್ರಂಥಿಗಳು ಸ್ರವಿಸುವ ಜಿಡ್ಡೂ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಈ ಇಳಿತ ಎದ್ದು ಕಾಣುತ್ತದೆ. ಗಂಡಸರಲ್ಲಿ ಇನ್ನೂ ತಡವಾಗಿ. ಒಳಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ನಾರಿನಂಶವೂ ಕುಗ್ಗುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲೇ ಚರ್ಮದ ಕೊಲಾಜೆನ್ ಶೇಕಡಾ 30ರಷ್ಟು ಕಡಿಮೆಯಾಗುವುದೆಂದು ವೈದ್ಯಕೀಯ ಅಧ್ಯಯನಗಳು ಹೇಳುತ್ತವೆ. ಐವತ್ತು ದಾಟಿದ ನನ್ನಂತಹ ಹೆಂಗಸರು ‘ಇದೇನು, ಇದ್ದಕ್ಕಿದ್ದಂತೆ ಮುಖ ಬಾಡಿತು’ ಎನ್ನುವುದಕ್ಕೆ ಕಾರಣ ಇದೇ.

ಯೌವನದಲ್ಲಿ: ಬಿಸಿಲೇ ಮೊದಲ ಲೆಕ್ಕ

ಇಪ್ಪತ್ತರ ಹರೆಯದಲ್ಲಿ ಚರ್ಮದಲ್ಲಿ ಜಿಡ್ಡು ಹೆಚ್ಚು, ಮೊಡವೆಯ ಕಾಟವೂ ಹೆಚ್ಚು. ಮುಂಬಯಿಯ ಸೆಕೆಯಲ್ಲಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬೆವರಿ ಬಂದ ಮಕ್ಕಳು ದಿನಕ್ಕೆರಡು ಬಾರಿ ಮುಖ ತೊಳೆಯುವುದು ಸರಿಯೇ. ಅದಕ್ಕಿಂತ ಹೆಚ್ಚು ಉಜ್ಜಿದರೆ ಮೊಡವೆ ಕಡಿಮೆಯಾಗದು, ಕೆರಳುವುದು. ಈ ಪ್ರಾಯದಲ್ಲಿ ಮಾಡಬೇಕಾದ ಮುಖ್ಯ ಉಳಿತಾಯ ಬಿಸಿಲಿನಿಂದ ರಕ್ಷಣೆ. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ ಇದು ಆವರ್ತ ಠೇವಣಿ ಇದ್ದಂತೆ. ದಿನದಿನದ ಸಣ್ಣ ಮೊತ್ತ ಇಪ್ಪತ್ತು ವರ್ಷಗಳ ಬಳಿಕ ಕೈಗೆ ಬರುತ್ತದೆ.

ಸೂರ್ಯನ ನೇರಳಾತೀತ ಕಿರಣಗಳಲ್ಲಿ ‘ಬಿ’ ಬಗೆಯವು ಚರ್ಮವನ್ನು ಸುಡುತ್ತವೆ. ‘ಎ’ ಬಗೆಯವು ಆಳಕ್ಕಿಳಿದು ಸುಕ್ಕು ಮೂಡಿಸುತ್ತವೆ. ಕಿಟಕಿಯ ಗಾಜು ‘ಬಿ’ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ‘ಎ’ ಕಿರಣಗಳನ್ನು ತಡೆಯುವುದಿಲ್ಲ. ಇಪ್ಪತ್ತೆಂಟು ವರ್ಷ ಸರಕು ವಾಹನ ಓಡಿಸಿದ 69 ವರ್ಷದ ಚಾಲಕರೊಬ್ಬರ ಚಿತ್ರವನ್ನು 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತ್ತು. ಕಿಟಕಿಯ ಬದಿಗಿದ್ದ ಎಡಗೆನ್ನೆ ದಪ್ಪಗೆ ಸುಕ್ಕುಗಟ್ಟಿದ್ದರೆ, ಬಲಗೆನ್ನೆ ಎಷ್ಟೋ ಎಳೆಯದಾಗಿ ಕಾಣುತ್ತಿತ್ತು. ಒಂದೇ ಮುಖಕ್ಕೆ ಎರಡು ಪ್ರಾಯ!

ಆಸ್ಟ್ರೇಲಿಯಾದಲ್ಲಿ ಸುಮಾರು ಒಂಬೈನೂರು ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಂಡವರಲ್ಲಿ ಚರ್ಮದ ಮುಪ್ಪಿನ ಲಕ್ಷಣಗಳು ಶೇಕಡಾ 24ರಷ್ಟು ಕಡಿಮೆ ಇದ್ದವು. ನಮ್ಮ ಕಂದು ಮೈಬಣ್ಣ ತಕ್ಕಮಟ್ಟಿಗೆ ರಕ್ಷಣೆ ಕೊಡುತ್ತದೆ; ನಮಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಬಂಗು, ಕಪ್ಪು ಕಲೆಗಳು ಬೇಗ ಬರುತ್ತವೆ. ಆದುದರಿಂದ ಎಸ್‌ಪಿಎಫ್ 30 ಅಥವಾ ಹೆಚ್ಚಿನ, ‘ಎ’ ಕಿರಣಗಳಿಂದಲೂ ರಕ್ಷಿಸುವ ಲೇಪವನ್ನು ಬಳಸುವುದು ಒಳ್ಳೆಯದು. ಹೊರಗೆ ದುಡಿಯುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಅದು ದುಬಾರಿಯೆನಿಸಿದರೆ ಕೊಡೆ, ತುಂಬುತೋಳಿನ ಅಂಗಿ, ಸೆರಗು ಇವೂ ಒಳ್ಳೆಯ ಲೇಪಗಳೇ.

ನಲವತ್ತರ ನಂತರ: ಕಡಿಮೆ ಸಾಬೂನು, ಹೆಚ್ಚು ಜಿಡ್ಡು

ನಲವತ್ತು ದಾಟಿದ ಬಳಿಕ ಹಳೆಯ ಕ್ರಮವನ್ನು ಮರುಪರಿಶೀಲಿಸಬೇಕು. ಇಡೀ ದಿನ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಬರುವವರ ಚರ್ಮ ಕಡಲತೀರದ ಊರಿನಲ್ಲಿದ್ದೂ ಒಣಗುತ್ತದೆ. ಮುಖಕ್ಕೆ ಸೌಮ್ಯವಾದ ತೊಳೆಪು, ಬೆಳಗ್ಗೆ ಬಿಸಿಲಿನ ಲೇಪ, ರಾತ್ರಿ ತೇವ ಉಳಿಸುವ ಕ್ರೀಮು, ಇಷ್ಟಿದ್ದರೆ ಸಾಕು. ರಾತ್ರಿ ಹಚ್ಚುವ ರೆಟಿನಾಯ್ಡ್ ಜಾತಿಯ ಕ್ರೀಮುಗಳಿಂದ ಸುಕ್ಕು ಸ್ವಲ್ಪ ತಗ್ಗುವುದು ಸಾಬೀತಾಗಿದೆ. ಆದರೆ ಅವು ಮೊದಮೊದಲು ಚರ್ಮವನ್ನು ಕೆರಳಿಸುತ್ತವೆ, ಗರ್ಭಿಣಿಯರಿಗೆ ನಿಷಿದ್ಧ. ವೈದ್ಯರನ್ನು ಕೇಳಿಯೇ ಬಳಸಬೇಕು. ಅಂಗಡಿಯ ಕಪಾಟಿನಲ್ಲಿ ಸಾಲುಗಟ್ಟಿರುವ ಉಳಿದ ಹತ್ತಾರು ಸೀಸೆಗಳಿಲ್ಲದೆಯೂ ಬದುಕು ಸಾಗುತ್ತದೆ.

ಹೋಟೆಲುಗಳಲ್ಲಿ ಮತ್ತು ಮನೆಗಳಲ್ಲಿ ದಿನವಿಡೀ ಪಾತ್ರೆ ತೊಳೆಯುವ ಕೈಗಳ ವಿಚಾರ ಪ್ರತ್ಯೇಕವಾಗಿ ಹೇಳಬೇಕು. ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳು ಅಂತಹ ಕೈಗಳ ದುಡಿಮೆಯಿಂದಲೇ ಮೇಲೆ ಬಂದವು. ನೀರು ಮತ್ತು ಡಿಟರ್ಜೆಂಟು ಗಾರೆಯನ್ನು ಕರಗಿಸಿ ಬೆರಳ ತುದಿಗಳನ್ನು ಬಿರಿಯುವಂತೆ ಮಾಡುತ್ತವೆ. ರಬ್ಬರಿನ ಕೈಚೀಲ ಧರಿಸುವುದು, ಕೆಲಸ ಮುಗಿದೊಡನೆ ಕೈಗೆ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು ಖರ್ಚಿಲ್ಲದ ಪರಿಹಾರ.

ಅರುವತ್ತರ ನಂತರ: ನಮ್ಮ ಮನೆಯ ಪಾಠ

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ನಡೆಯುತ್ತಿದ್ದಾಗ ಒಂದು ಡಿಸೆಂಬರ್‌ನಲ್ಲಿ ತುರಿಕೆ ಆರಂಭವಾಯಿತು. ಮೊದಲು ಕಣಕಾಲು, ಬಳಿಕ ತೋಳು, ಬೆನ್ನು. ರಾತ್ರಿ ಎದ್ದು ಕುಳಿತು ಬಾಚಣಿಗೆಯಿಂದ ಕೆರೆದುಕೊಳ್ಳುತ್ತಿದ್ದರು. ಬಂಧುಗಳು ಸಲಹೆ ಕೊಡಲು ಹಿಂಜರಿಯಲಿಲ್ಲ. ‘ರಕ್ತ ಕೆಟ್ಟಿದೆ’ ಎಂದರೊಬ್ಬರು. ‘ನಂಜು, ಬದನೆಕಾಯಿ, ಒಣಮೀನು ಬಿಡಿಸಿ’ ಎಂದರಿನ್ನೊಬ್ಬರು. ಎಲ್ಲ ಬಿಟ್ಟರೂ ತುರಿಕೆ ಬಿಡಲಿಲ್ಲ. ಕೊನೆಗೆ ಔಷಧ ಅಂಗಡಿಯೊಂದರಿಂದ ವೈದ್ಯರ ಚೀಟಿಯಿಲ್ಲದೆ ಒಂದು ಟ್ಯೂಬು ತಂದೆವು. ಎರಡೇ ದಿನಗಳಲ್ಲಿ ತುರಿಕೆ ನಿಂತಿತು. ಅದನ್ನೇ ಮತ್ತೆ ಮತ್ತೆ ತಂದು ಮೂರು ತಿಂಗಳು ಹಚ್ಚಿದೆವು. ಆಮೇಲೆ ನೋಡಿದರೆ ಮುಂಗೈಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿತ್ತು. ಅಲ್ಲಲ್ಲಿ ನೇರಳೆ ಕಲೆಗಳು. ಒಂದು ದಿನ ಬಾಗಿಲ ಚಿಲಕ ತಾಗಿ ಚರ್ಮ ಸೀಳಿ ರಕ್ತ ಸುರಿಯಿತು. ಆ ಟ್ಯೂಬಿನಲ್ಲಿದ್ದುದು ಪ್ರಬಲವಾದ ಸ್ಟಿರಾಯ್ಡ್. ಅಂಗಡಿಯವರು ಕೊಟ್ಟರು, ನಾವು ಓದದೆ ಹಚ್ಚಿದೆವು. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಚರ್ಮವೈದ್ಯರು ಮೊದಲು ಔಷಧ ಬರೆಯಲಿಲ್ಲ, ಪ್ರಶ್ನೆ ಕೇಳಿದರು. ದಿನಕ್ಕೆಷ್ಟು ಸ್ನಾನ? ನೀರು ಎಷ್ಟು ಬಿಸಿ? ಯಾವ ಸಾಬೂನು? ಅತ್ತೆಯವರು ಹೆಮ್ಮೆಯಿಂದಲೇ ಉತ್ತರಿಸಿದರು: ಬೆಳಗ್ಗೆ ಸಂಜೆ ಎರಡು ಸ್ನಾನ, ಹೊಗೆಯಾಡುವ ನೀರು, ರೋಗಾಣು ಕೊಲ್ಲುವ ಸಾಬೂನಿನಿಂದ ಮೈಯೆಲ್ಲ ಉಜ್ಜುವುದು, ಕೊನೆಗೆ ಪೌಡರು. ಜನ್ಮದ ಶುಚಿತ್ವವೇ ಈಗ ಅವರ ಚರ್ಮವನ್ನು ಒಣಗಿಸುತ್ತಿತ್ತು.

ಸಕ್ಕರೆ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ರಕ್ತದ ಕಬ್ಬಿಣಾಂಶ ಎಲ್ಲ ಪರೀಕ್ಷೆಗಳಾದವು. ಬೇರೆ ದೋಷ ಕಾಣಲಿಲ್ಲ. ವೈದ್ಯರು ಸ್ಟಿರಾಯ್ಡ್ ಅನ್ನು ಕ್ರಮವಾಗಿ ನಿಲ್ಲಿಸಿದರು. ದಿನಕ್ಕೊಂದೇ ಸ್ನಾನ, ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಯಬೇಕು. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆಯಾಗಿರುವಾಗಲೇ ಎಣ್ಣೆ ಅಥವಾ ಕ್ರೀಮು. ನೀರು ಆವಿಯಾಗುವ ಮೊದಲೇ ಅದಕ್ಕೆ ಮುಚ್ಚಳ ಹಾಕುವುದೇ ಇದರ ಗುಟ್ಟು. ಮೂರನೆಯ ವಾರದ ಹೊತ್ತಿಗೆ ಅವರು ರಾತ್ರಿಯಿಡೀ ನಿದ್ರಿಸತೊಡಗಿದರು. ‘ಊರಿನಲ್ಲಿ ನಮ್ಮಜ್ಜಿಗೆ ದಿನಾ ನಾನೇ ಎಣ್ಣೆ ಹಚ್ಚುತ್ತಿದ್ದೆ, ನನಗೂ ಆ ಪ್ರಾಯ ಬಂತೆಂದು ಹೊಳೆಯಲೇ ಇಲ್ಲ’ ಎಂದರು.

ಸಾಬೂನು ಆರಿಸುವುದು ಹೇಗೆ?

ಆಮ್ಲ ಮತ್ತು ಕ್ಷಾರವನ್ನು ಅಳೆಯುವ ಪಿಎಚ್ ಮಾಪನದಲ್ಲಿ 7 ತಟಸ್ಥ. ನಮ್ಮ ಚರ್ಮ ಸುಮಾರು 5, ಅಂದರೆ ತುಸು ಆಮ್ಲೀಯ. ಸಾಮಾನ್ಯ ಸಾಬೂನು 9ರಿಂದ 10, ಅಂದರೆ ಕ್ಷಾರೀಯ. ಎಳೆಯ ಚರ್ಮ ಸ್ನಾನದ ಬಳಿಕ ಬೇಗನೆ ತನ್ನ ಸ್ಥಿತಿಗೆ ಮರಳುತ್ತದೆ. ಮುದಿ ಚರ್ಮಕ್ಕೆ ಹೆಚ್ಚು ಹೊತ್ತು ಬೇಕು.

ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ. ಅದು ಅದರಲ್ಲಿರುವ ಒಟ್ಟು ಕೊಬ್ಬಿನಾಮ್ಲಗಳ ಪ್ರಮಾಣ. ಭಾರತೀಯ ಮಾನಕದಂತೆ ಮೊದಲ ದರ್ಜೆಗೆ ಕನಿಷ್ಠ ಶೇಕಡಾ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ಇದು ನಮ್ಮವರಿಗೆ ಹೊಸ ವಿಚಾರವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನು ಮೊದಲ ದರ್ಜೆಯದೇ. ಊರಿನಿಂದ ಬರುವಾಗ ಅದನ್ನು ಡಬ್ಬಿಗಟ್ಟಲೆ ತರುತ್ತಿದ್ದ ಕಾಲ ನೆನಪಿರಬಹುದು. ಆದರೆ ಟಿಎಫ್‌ಎಂ ಹೆಚ್ಚಿದ್ದ ಮಾತ್ರಕ್ಕೆ ಸಾಬೂನು ಕ್ಷಾರೀಯವಲ್ಲವೆಂದು ತಿಳಿಯಬಾರದು. ಸುಗಂಧವೂ ಕೆಲವರ ಒಣಚರ್ಮಕ್ಕೆ ಒಗ್ಗದು. ತುರಿಕೆ ಇರುವ ಹಿರಿಯರಿಗೆ ವೈದ್ಯರು ಹೇಳುವ, ಕ್ಷಾರವಿಲ್ಲದ, ಸುಗಂಧವಿಲ್ಲದ ಪಟ್ಟಿಯೇ ಮೇಲು. ಅಭ್ಯಂಜನದ ದಿನದ ಕಡಲೆಹಿಟ್ಟು, ಹೆಸರುಹಿಟ್ಟು ಒಳ್ಳೆಯವೇ, ಉಜ್ಜುವ ಕೈ ಹಗುರವಾಗಿದ್ದರೆ.

ಎಣ್ಣೆಯ ವಿಚಾರ

ಫಿಲಿಪೈನ್ಸ್‌ನ ಸಂಶೋಧಕರು ಒಣಚರ್ಮದ ರೋಗಿಗಳ ಮೇಲೆ ಶುದ್ಧ ತೆಂಗಿನೆಣ್ಣೆಯನ್ನೂ ಖನಿಜ ತೈಲವನ್ನೂ ಹೋಲಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡೂ ಸಮಾನವಾಗಿ ಗುಣಕಾರಿ ಎಂದು ಕಂಡುಬಂತು. ಹಣ ಹೆಚ್ಚು ಕೊಟ್ಟು ತರುವ ಆಲಿವ್ ಎಣ್ಣೆಯಾದರೋ ಹೊರಚರ್ಮದ ತಡೆಗೋಡೆಯನ್ನು ಸಡಿಲಗೊಳಿಸುವುದೆಂದು 2013ರ ಒಂದು ಅಧ್ಯಯನ ತೋರಿಸಿತು. ನಮ್ಮ ಕರಾವಳಿಯ ಅಜ್ಜಿಯರು ನಷ್ಟದ ವ್ಯಾಪಾರವನ್ನೇನೂ ಮಾಡಿರಲಿಲ್ಲ.

ಆದರೆ ಊರಿನ ಬಚ್ಚಲು ಬೇರೆ, ಕುರ್ಲಾದ ಬಚ್ಚಲು ಬೇರೆ. ನಯವಾದ ಹಾಸುಬಿಲ್ಲೆಯ ಮೇಲೆ ಎಣ್ಣೆ ಬಿದ್ದರೆ ಹಿರಿಯರ ಸೊಂಟದ ಮೂಳೆಗೇ ಅಪಾಯ. ಆದುದರಿಂದ ಎಣ್ಣೆಯನ್ನು ಬಚ್ಚಲಿನಲ್ಲಿ ಹಚ್ಚದೆ, ಹಾಸಿಗೆಯ ಮೇಲೆ ಕುಳ್ಳಿರಿಸಿ ಹಚ್ಚಬೇಕು. ಪಾದಗಳಿಗೆ ರಾತ್ರಿ ಮಲಗುವಾಗ ಹಚ್ಚಿ ಕಾಲುಚೀಲ ತೊಡಿಸಬೇಕು. ಸಕ್ಕರೆ ಕಾಯಿಲೆಯವರ ಕಾಲ್ಬೆರಳುಗಳ ಸಂದಿಗೆ ಎಣ್ಣೆ ಬೇಡ. ಅಲ್ಲಿ, ಹಾಗೆಯೇ ಕಂಕುಳು, ತೊಡೆಸಂದು, ಸ್ತನಗಳ ಕೆಳಭಾಗದಲ್ಲಿ ನಮ್ಮ ಮಳೆಗಾಲದ ತೇವ ನಿಂತು ಹುಳುಕಡ್ಡಿ ಹಬ್ಬುತ್ತದೆ. ಕೈಕಾಲು ಒಣಗಿರುತ್ತದೆ, ಸಂದಿಗಳು ಒದ್ದೆಯಿರುತ್ತವೆ. ಮುಂಬಯಿಯ ಮುದಿ ಚರ್ಮಕ್ಕೆ ಎರಡು ಕಡೆ ಎರಡು ಆರೈಕೆ ಬೇಕು.

ಬೆಳ್ಳಗಾಗುವ ಆಸೆ

ಬಂಟರ ಭವನದಲ್ಲಿ ಮದುವೆಯೊಂದಿದೆಯೆಂದರೆ ತಿಂಗಳ ಮೊದಲೇ ಮುಖದ ಕ್ರೀಮುಗಳ ಖರೀದಿ ಆರಂಭವಾಗುತ್ತದೆ. ಪ್ರಾಯದ ಕಲೆಗಳನ್ನು ಅಳಿಸುವ, ಬಣ್ಣ ತಿಳಿಯಾಗಿಸುವ ಆಸೆ ಇಲ್ಲಿ ಅಪಾಯಕ್ಕೆ ದಾರಿಯಾಗಬಹುದು. ವಿಳಾಸವಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಇಂತಹ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ರೋಗವನ್ನು ಗುರುತಿಸಿದರು. ಇನ್ನು ಕೆಲವರು ಚರ್ಮರೋಗದ ಸ್ಟಿರಾಯ್ಡ್ ಮುಲಾಮನ್ನೇ ಸೌಂದರ್ಯದ ಕ್ರೀಮೆಂದು ಹಚ್ಚುತ್ತಾರೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಆದೇಶ ಹೊರಡಿಸಿತು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಕನ್ನಡಕ ಹಾಕಿಕೊಂಡಾದರೂ ಟ್ಯೂಬಿನ ಸಣ್ಣ ಅಕ್ಷರಗಳಲ್ಲಿ ಹುಡುಕಿ ನೋಡಿ. ಅವು ಒಳ್ಳೆಯ ಔಷಧಗಳು. ವೈದ್ಯರು ಹೇಳಿದಷ್ಟೇ ದಿನ, ಹೇಳಿದಷ್ಟೇ ಜಾಗಕ್ಕೆ.

ವೈದ್ಯರಲ್ಲಿಗೆ ಯಾವಾಗ?

ಎಲ್ಲವನ್ನೂ ಪ್ರಾಯದ ಲೆಕ್ಕಕ್ಕೆ ಬರೆಯಬಾರದು. ಮನೆಯ ಹಲವರಿಗೆ ಒಟ್ಟಿಗೆ, ರಾತ್ರಿಯೇ ಹೆಚ್ಚು ತುರಿಕೆಯಾದರೆ ಅದು ಕಜ್ಜಿಯಿರಬಹುದು. ಬಣ್ಣ ಮಾಸಿ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠರೋಗದ ಪರೀಕ್ಷೆ ಅಗತ್ಯ. ಅದಕ್ಕೆ ಸರಕಾರಿ ಚಿಕಿತ್ಸೆ ಉಚಿತ, ಗುಣವೂ ಆಗುತ್ತದೆ. ವಾರಗಟ್ಟಲೆ ಮಾಯದ ಹುಣ್ಣು, ಆಕಾರ ಅಥವಾ ಬಣ್ಣ ಬದಲಿಸುವ ಮಚ್ಚೆ, ಎಣ್ಣೆ ಹಚ್ಚಿದರೂ ಎರಡು ವಾರಗಳಲ್ಲಿ ತಗ್ಗದ ತುರಿಕೆ ಇದ್ದರೆ ತಡಮಾಡಬಾರದು. ಕುರ್ಲಾದವರಿಗೆ ಸಯನ್ ಆಸ್ಪತ್ರೆಯ ಚರ್ಮರೋಗ ವಿಭಾಗ ದೂರವೇನಲ್ಲ.

ಕೊನೆಯಲ್ಲಿ ಬೆರಳಚ್ಚಿನ ಮಾತು. ಎಣ್ಣೆ ಹಚ್ಚಿದರೆ ಸವೆದುಹೋದ ಗೆರೆಗಳು ಮರಳಿ ಬರುವುದಿಲ್ಲ. ಕಳೆದ ನವೆಂಬರ್‌ನಲ್ಲಿ ಅತ್ತೆಯವರ ಬೆರಳನ್ನೂ ಯಂತ್ರ ಒಪ್ಪಲಿಲ್ಲ. 2021ರ ನವೆಂಬರ್‌ನಿಂದ ಮುಖದ ಮೂಲಕ ಗುರುತಿಸುವ ವ್ಯವಸ್ಥೆಯೂ ಇರುವುದರಿಂದ, ಮಗಳು ಮನೆಯಲ್ಲಿಯೇ ಮೊಬೈಲು ಹಿಡಿದು ಕೆಲಸ ಮುಗಿಸಿದಳು. ಬೆರಳಚ್ಚಿನ ತೊಂದರೆಯಿರುವ ಹಿರಿಯರು ಇದನ್ನು ತಿಳಿದಿರಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಸಲ್ಲಿಸಬಹುದು.

ಈಗ ರಾತ್ರಿ ಊಟವಾದ ಮೇಲೆ ಅಜ್ಜಿಯ ಕೈಗೆ ತೆಂಗಿನೆಣ್ಣೆ ಹಚ್ಚುವುದು ಮಗಳ ಪಾಲಿನ ಕೆಲಸ. ಹತ್ತು ನಿಮಿಷದ ಆ ಕೆಲಸದಲ್ಲಿ ಅವಳು ಊರಿನ ಸುದ್ದಿಗಳನ್ನು ಕೇಳುತ್ತಾಳೆ, ಹೊಸ ಗಾಯವೋ ಕಲೆಯೋ ಇದ್ದರೆ ನಮಗಿಂತ ಮೊದಲೇ ಗುರುತಿಸುತ್ತಾಳೆ. ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ ಇಂದು ರಾತ್ರಿ ಅವರ ಕೈಯನ್ನೊಮ್ಮೆ ಹಿಡಿದು ನೋಡಿ.